ಎರಡು ಕೊಂಬಿನ ಕಾರು

ನನ್ನ ಮೈದುನ ಕಾರು ಓಡಿಸುತ್ತಿದ್ದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವನು ಒಂದು ದಿನವೂ ಕಾರು ಓಡಿಸಿದವನಲ್ಲ. ಅವನು ಕಾರು ಹೊಡೆಯುತ್ತಿದ್ದ! ಗಾಡಿ ಹೊಡೆಯುವುದಿಲ್ಲವೇ, ಹಾಗೆ. ಸ್ಟೀರಿಂಗ್ ಹಿಡಿದು ಕೂತು, "ಹೊಯ್ ಹೊಯ್, ಬಲಕ್ಕೆ ಬಲಕ್ಕೆ" ಎಂದು ಬಾಯಿಬಿಟ್ಟು ಹೇಳದೆ ಅವನಿಗೆ ತಿರುವಿನಲ್ಲಿ ತಿರುಗಿಸಲು ಬರುತ್ತಿರಲಿಲ್ಲ. ನಿಲ್ಲಿಸಬೇಕಾದರೆ ಬ್ರೇಕು ತುಳಿಯುವ ಮೊದಲು "ಹೋ..." ಎನ್ನಬೇಕು. ಆ "ಹೋ" ಮುಗಿಯುವಷ್ಟರಲ್ಲಿ ಯಾರದಾದರೂ ಬೇಲಿ ಬಂದುಬಿಟ್ಟಿರುತ್ತಿತ್ತು. ಇಳಿದು ಬೇಲಿಯನ್ನೇ ಬೈಯುತ್ತಿದ್ದ.

ಅವನನ್ನು ಆಡಿಕೊಂಡು ಏನು ಬಂತು? ಹುಟ್ಟಿ ಬೆಳೆದದ್ದು ಎತ್ತಿನ ಮನೆಯಲ್ಲಿ. ಜಯನಗರ ಎನ್ನುತ್ತಾರಲ್ಲ, ಅಲ್ಲಿ ನಮ್ಮ ರಾಗಿ ಹೊಲ ಇತ್ತು. ಸರ್ಕಾರದವರು ಬಂದು ಸೈಟಿನ ಕಲ್ಲು ನೆಟ್ಟರು, ಹೊಲ ಹೋಯಿತು. ನಮ್ಮ ಊರು ಮಾತ್ರ ಹಾಗೇ ಉಳಿಯಿತು. ಸುತ್ತ ಅಗಲ ಅಗಲ ರಸ್ತೆ, ನಡುವೆ ನಮ್ಮ ತಿಪ್ಪೆ! ಹೊಲವೇ ಇಲ್ಲದ ಮೇಲೆ ಎತ್ತು ಯಾಕೆ ಎಂದು ಮನೆಯ ಗಂಡಸರು ಕೂತು ತೀರ್ಮಾನ ಮಾಡಿದರು. ಮಾರುವ ದಿನ ನನ್ನ ಗಂಡ ಜ್ವರ ಎಂದು ಕಂಬಳಿ ಹೊದ್ದು ಮಲಗಿಬಿಟ್ಟರು. ಜಾಣರು! ಹಗ್ಗ ಹಿಡಿದುಕೊಂಡು ಸಂತೆಗೆ ಹೊರಟವನು ಮೈದುನ. ಅಂದಿನಿಂದ ನಮ್ಮತ್ತೆ ಅವನ ಜೊತೆ ಮಾತು ಬಿಟ್ಟರು.

ಬಿಟ್ಟರು ಅಂದರೆ ಪೂರ್ತಿ ಬಿಟ್ಟರು. ಅವನು ಎದುರಿಗೇ ತಟ್ಟೆ ಇಟ್ಟುಕೊಂಡು ಕೂತಿದ್ದರೂ ನನ್ನ ಕಡೆ ತಿರುಗಿ, "ಇನ್ನೊಂದು ಮುದ್ದೆ ಬೇಕಾ ಕೇಳು" ಎನ್ನುತ್ತಿದ್ದರು.

ಅವನೂ ನನಗೇ ಹೇಳುತ್ತಿದ್ದ. "ಬ್ಯಾಡ ಅನ್ನು ಅತ್ಗೆ."

"ಸಾರು ಸಪ್ಪಗೈತಾ ಕೇಳು."

"ಸರಿಯಾಗೈತೆ ಅನ್ನು ಅತ್ಗೆ."

ನಾನೇನು ಟೆಲಿಫೋನು ತಂತಿಯೇ? ಒಂದು ದಿನ ರೇಗಿ, "ತಾಯಿ ಮಗ ಏನಾದ್ರೂ ಮಾಡ್ಕಳಿ" ಎಂದು ಎದ್ದುಹೋದೆ. ಅವತ್ತು ಇಬ್ಬರೂ ಉಪ್ಪಿಲ್ಲದ ಸಾರು ಉಂಡರು, ಬಾಯಿ ಬಿಡಲಿಲ್ಲ. ಮೈದುನ ನಗುತ್ತಲೇ ಇರುತ್ತಿದ್ದ, ಆದರೆ ಅರ್ಧ ಮುದ್ದೆ ಬಿಟ್ಟು ಏಳುತ್ತಿದ್ದ. ಅವ್ವ ಒಂದು ಸಲ "ಏನ್ಲಾ" ಎಂದರೆ ಸಾಕು ಎಂದು ಅಷ್ಟು ದೊಡ್ಡ ಗಂಡಾಳು ಕಾಯುತ್ತಿದ್ದ.

ಈ ಸಂಕಟದಲ್ಲಿ ಮನುಷ್ಯ ಏನು ಮಾಡುತ್ತಾನೆ? ದೇವರಿಗೆ ಹರಕೆ ಹೊರುತ್ತಾನೆ. ನಮ್ಮವನು ಹಳೇ ಕಾರು ಕೊಳ್ಳಲು ಹೊರಟ! ಕೊಟ್ಟಿಗೆ ಖಾಲಿ ಇರಬಾರದಂತೆ. ಬಸವನಗುಡಿಯ ವಕೀಲರೊಬ್ಬರ ಹತ್ತಿರ ಯಾವನೋ ಇಂಗ್ಲಿಷ್ ದೊರೆ ಬಿಟ್ಟುಹೋದ ಕರೀ ಕಾರೊಂದಿತ್ತು. ಇವನಿಗೆ ಬುದ್ಧಿ ಹೇಳಲೆಂದು ನನ್ನನ್ನೂ ಜೊತೆಗೆ ಕಳಿಸಿದರು. ನನ್ನ ಬುದ್ಧಿ ಯಾರಿಗೆ ಬೇಕಾಗಿತ್ತು?

ಮೊದಲು ಕಾರನ್ನು ಸುತ್ತು ಹಾಕಿದ. ಬೆನ್ನು ತಟ್ಟಿದ. ಬಗ್ಗಿ ಹೊಟ್ಟೆ ನೋಡಿದ. ಆಮೇಲೆ, "ಬಾಯಿ ತೆಗ್ಸಿ ಸ್ವಾಮಿ, ಹಲ್ಲು ನೋಡ್ಬೇಕು" ಎಂದ.

ವಕೀಲರು ನಗುತ್ತಾರೆ ಎಂದುಕೊಂಡೆ. ಇಲ್ಲ! "ಹಲ್ಲಿರೋದು ಬಾಯಲ್ಲಲ್ಲ ಗೌಡ್ರೇ, ಗೇರ್ ಬಾಕ್ಸಲ್ಲಿ" ಎಂದರು.

"ಹಂಗಾದ್ರೆ ಅದನ್ನೇ ತೆಗೀರಿ."

ಅಷ್ಟು ಹೇಳಿದ್ದೇ ತಡ, ಆ ವಕೀಲರು ಕರೀ ಕೋಟು ಕಿತ್ತೆಸೆದು ಸ್ಪ್ಯಾನರ್ ಹಿಡಿದು ಕಾರಿನ ಒಳಗೆ ನುಗ್ಗಿದರು. ಇಂಥ ಮಾತು ಕೇಳುವವರು ಯಾರಾದರೂ ಬರಲಿ ಎಂದೇ ಕಾಯುತ್ತಿದ್ದರೋ ಏನೋ. ಕಟ್ಟೆ ಮೇಲೆ ನಾನು ಕೂತೇ ಕೂತೆ, ಅವರು ಬಿಚ್ಚಿದರು ಬಿಚ್ಚಿದರು. ಕೊನೆಗೆ ಮೈದುನ ಒಳಗೆ ಬೆರಳಿಟ್ಟು ಒಂದೊಂದೇ ಹಲ್ಲು ಸವರಿ, "ಸವೆದವೆ. ವಯಸ್ಸಾಗೈತೆ" ಎಂದ.

"ವಯಸ್ಸಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಬಹಳ ಸಾಧು ಗೌಡ್ರೇ. ಹಾಯಲ್ಲ, ಒದೆಯಲ್ಲ!"

ವ್ಯಾಪಾರ ಕುದುರಿತು. ಬೆಲೆ ಮಾತಾಡುವ ಹೊತ್ತಿಗೆ ನಮ್ಮವನು ಹೆಗಲ ಮೇಲಿನ ಟವಲು ತೆಗೆದು ವಕೀಲರ ಕೈ ಮೇಲೆ ಹಾಕಿ, ಒಳಗಿಂದ ಅವರ ಬೆರಳು ಹಿಡಿದುಕೊಂಡ. ದನದ ವ್ಯಾಪಾರ ಮಾಡುವವರೆಲ್ಲ ಹಾಗೇ ತಾನೇ? ಬೆಲೆ ಬಾಯಲ್ಲಿ ಹೇಳುವುದಿಲ್ಲ, ಬೆರಳು ಅದುಮಿ ಹೇಳುತ್ತಾರೆ. ಅದೇ ಹೊತ್ತಿಗೆ ವಕೀಲರ ಹೆಂಡತಿ ಕಾಫಿ ತಂದರು. ನೋಡಿದರೆ, ಮೈಯೆಲ್ಲ ಮಸಿ ಮಾಡಿಕೊಂಡ ಗಂಡ ಯಾವನೋ ಗೌಡನ ಕೈ ಹಿಡಿದುಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಾರೆ! ಆಯಮ್ಮ ಕಾಫಿ ಅಲ್ಲೇ ಇಟ್ಟು ಸರಸರನೆ ಒಳಗೆ ಹೋದರು.

ಒದೆಯುವುದಿಲ್ಲ ಎಂದಿದ್ದರಲ್ಲ, ಮನೆಗೆ ಬಂದ ಮಾರನೇ ಬೆಳಿಗ್ಗೆಯೇ ಒದೆಯಿತು. ಮುಂದೆ ಒಂದು ಕಬ್ಬಿಣದ ಹ್ಯಾಂಡಲು ಸಿಕ್ಕಿಸಿ ತಿರುಗಿಸಬೇಕು, ಆಗ ಇಂಜಿನ್ನು ಏಳುತ್ತದೆ. ನನ್ನ ಗಂಡ ಜಂಬದಿಂದ ತಿರುಗಿಸಲು ಹೋದರು. ಹ್ಯಾಂಡಲು ತಿರುಗಿ ಹೊಡೆದು ಮಣಿಕಟ್ಟು ಊದಿಕೊಂಡಿತು. ಮೈದುನ ಓಡಿ ಬಂದು ಸಮಾಧಾನ ಮಾಡಿದ, ಅಣ್ಣನಿಗಲ್ಲ, ಕಾರಿಗೆ! "ಹೊಸಬ್ರು ಕಂಡ್ರೆ ಬೆದರ್ತದೆ ಅತ್ಗೆ, ಅಷ್ಟೇಯ."

ಕಾರು ಮಾರಿದವರು ಸಾಮಾನ್ಯವಾಗಿ ಆ ಕಡೆ ತಲೆ ಹಾಕುವುದಿಲ್ಲ. ಈ ವಕೀಲರು ಮಗಳನ್ನು ಕೊಟ್ಟ ಮನೆಗೆ ಬರುವ ಹಾಗೆ ಭಾನುವಾರ ಭಾನುವಾರ ಬರತೊಡಗಿದರು. ಹಣ್ಣು ಹೂವಿನ ಬದಲು ಗ್ರೀಸು. ಸ್ವಲ್ಪ ದಿನದಲ್ಲೇ ತಮ್ಮ ಸ್ನೇಹಿತರಾದ ಕಾಲೇಜು ಮೇಷ್ಟ್ರೊಬ್ಬರನ್ನೂ ಕರೆತಂದರು. ಮೇಷ್ಟ್ರಿಗೆ ಇದಕ್ಕಿಂತ ಮುದಿಯಾದ ಕಾರಿತ್ತು. ಅದು ಬಸವನಗುಡಿಯಿಂದ ನಮ್ಮ ಮನೆಗೆ ಬರುವಷ್ಟು ಓಡುತ್ತಿತ್ತು, ಹಿಂದಕ್ಕೆ ಹೋಗುವಷ್ಟು ಓಡುತ್ತಿರಲಿಲ್ಲ. ಹೀಗಾಗಿ ಮೇಷ್ಟ್ರು ಬಂದರೆ ಊಟಕ್ಕೆ ಅಕ್ಕಿ ಹಾಕಲೇಬೇಕು.

ನಮ್ಮ ಮನೆಯೇ ಯಾಕೆ ಅಂತೀರಾ? ಕೊಟ್ಟಿಗೆಯ ಗಂಜಳದ ಗುಂಡಿ! ಎತ್ತುಗಳಿದ್ದಾಗ ಗಂಜಳ ಹರಿದು ನಿಲ್ಲುತ್ತಿದ್ದ ಗುಂಡಿ ಅದು. ಅದರ ಮೇಲೆ ಕಾರು ನಿಲ್ಲಿಸಿದರೆ ಕೆಳಗೆ ಇಳಿದು ಹೊಟ್ಟೆಯ ಭಾಗವನ್ನೆಲ್ಲ ರಿಪೇರಿ ಮಾಡಬಹುದು. "ಇಂಥ ಗುಂಡಿ ಇಡೀ ಬೆಂಗಳೂರಲ್ಲಿ ಯಾರಿಗಿದೆ ಹೇಳಿ!" ಎಂದು ಮೇಷ್ಟ್ರು ಅರಮನೆ ಕಂಡವರ ಹಾಗೆ ಕುಣಿದರು. ವಕೀಲರಂತೂ ಬೆಳಿಗ್ಗೆ ಇಳಿದರೆ ಸಂಜೆ ಮೇಲೆ ಬರುತ್ತಿದ್ದರು. ಎಷ್ಟೇ ತೊಳೆದಿದ್ದರೂ ಗಂಜಳದ ಗುಂಡಿ ಗಂಜಳದ ಗುಂಡಿಯೇ ಅಲ್ಲವೇ? ಅವರ ಹೆಂಡತಿ ಹಿತ್ತಿಲಲ್ಲಿ ನೀರು ಹುಯ್ಯದೆ ಒಳಗೆ ಬಿಡುತ್ತಿರಲಿಲ್ಲವಂತೆ.

ಮೂವರಿಗೂ ಕಾರು ಕೆಟ್ಟರೆ ಹಬ್ಬ. ಕೆಡದೆ ಇದ್ದ ಭಾನುವಾರ ಮುಖ ಸಣ್ಣಗೆ ಮಾಡಿಕೊಂಡು ಕೂತಿರುತ್ತಿದ್ದರು. ಅದಕ್ಕೂ ನಮ್ಮವನೇ ದಾರಿ ಮಾಡಿಕೊಟ್ಟ. ಕಾರನ್ನು ಕೆರೆಗೆ ಇಳಿಸಿ, ಹುಲ್ಲಿನ ಸಿಂಬೆಯಿಂದ ಮೈ ತಿಕ್ಕಿ ತೊಳೆದ! ಒಳಗೆಲ್ಲ ನೀರು ಹೋಗಿ ಹ್ಯಾಂಡಲು ಎಷ್ಟು ತಿರುಗಿಸಿದರೂ ಬರೀ ಕೆಮ್ಮು.

"ಪ್ಲಗ್ಗೆಲ್ಲಾ ನೆಂದುಹೋಗಿದೆ ಗೌಡ್ರೇ!" ವಕೀಲರಿಗೆ ಖುಷಿಯೋ ಖುಷಿ.

"ನೆಗಡಿ ಅನ್ನಿ."

"ನೆಗಡೀನೇ ಅಂತಿಟ್ಕೊಳ್ಳಿ, ಬಿಚ್ಚೋಣ ಮೊದ್ಲು!"

ಆ ಪ್ಲಗ್ಗುಗಳನ್ನು ನನ್ನ ರೊಟ್ಟಿ ಹೆಂಚಿನ ಮೇಲಿಟ್ಟು ಬಿಸಿ ಮಾಡಿದರು. ಆಮೇಲೆ ಒಂದು ವಾರ ನಮ್ಮ ರೊಟ್ಟಿ ಪೆಟ್ರೋಲು ವಾಸನೆ ಹೊಡೆಯಿತು.

ಇನ್ನು ವಸಂತಪುರದ ದೇವಸ್ಥಾನಕ್ಕೆ ಹೋದ ಕಥೆ. ಹೊಸ ಸೀರೆ ಉಟ್ಟು, ಹೂ ಮುಡಿದು ಹತ್ತಿದೆ. ದಾರಿಯಲ್ಲಿ ಏರು ಬಂತು. "ಇಳೀರಿ ಇಳೀರಿ, ಏರಲ್ಲಿ ಭಾರ ಹಾಕ್ಬಾರ್ದು" ಎಂದು ಎಲ್ಲರನ್ನೂ ಇಳಿಸಿದ. ಏರು ಮುಗಿದು ಇಳಿಜಾರು ಬಂತು. "ನಡೀರಿ ನಡೀರಿ, ಇಳಿಜಾರಲ್ಲಿ ಕಾಲು ಜಾರ್ತದೆ" ಎಂದ. ಕಾರಿಗೆ ಕಾಲೆಲ್ಲಿಂದ ಬಂತು? ಸಮ ನೆಲ ಬಂದಾಗ ದಣಿದಿದೆ ಎಂದು ಹುಣಸೇಮರದ ನೆರಳಲ್ಲಿ ನಿಲ್ಲಿಸಿದ. ವಸಂತಪುರಕ್ಕೆ ನಾನು ಕಾರಿನಲ್ಲಿ ಹೋಗಲಿಲ್ಲ, ಕಾರಿನ ಜೊತೆ ಹೋದೆ.

ಇಷ್ಟೆಲ್ಲ ನಡೆದರೂ ಅತ್ತೆ ಕೊಟ್ಟಿಗೆಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ನಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸಂಕ್ರಾಂತಿ ಬಂದರಂತೂ ಅವರು ಒಳಮನೆ ಸೇರಿ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದರು. ಹಿಂದೆಲ್ಲ ಆ ಸಂಜೆ ಊರಬಾಗಿಲಲ್ಲಿ ಹುಲ್ಲು ಹಾಸಿ ಬೆಂಕಿ ಹಚ್ಚಿ, ಎತ್ತುಗಳನ್ನು ಕಿಚ್ಚು ಹಾಯಿಸುವಾಗ, ನಮ್ಮ ಜೋಡಿಯ ಹಣೆಗೆ ಕುಂಕುಮ ಇಟ್ಟು ಕಳಿಸುತ್ತಿದ್ದವರು ಅವರೇ.

ಆ ವರ್ಷ ಸಂಕ್ರಾಂತಿಯ ಬೆಳಿಗ್ಗೆ ಮೈದುನ ಒಲೆಯ ಮುಂದೆ ಬಂದು ಕೂತ. "ಅತ್ಗೆ, ಇವತ್ತು ಕಾರನ್ನ ಕಿಚ್ಚು ಹಾಯಿಸ್ತೀನಿ."

"ತಲೆ ನೆಟ್ಟಗೈತಾ ನಿಂಗೆ?"

"ನಮ್ಮನೆ ಕೊಟ್ಟಿಗೇದು ಕಿಚ್ಚು ಹಾಯ್ತದೆ ಅಂದ್ರೆ ಅವ್ವ ಹೊರಗೆ ಬಂದೇ ಬತ್ತಾಳೆ. ಬಂದ್ರೆ ಒಂದು ಮಾತಾದ್ರೂ ಆಡಲ್ವಾ?"

ಈ ಹುಚ್ಚನನ್ನು ತಡೆಯಲಿ ಎಂದು ವಕೀಲರಿಗೂ ಮೇಷ್ಟ್ರಿಗೂ ಹೇಳಿ ಕಳಿಸಿದೆ. ಓದಿದವರು ತಾನೇ! ಬಂದರು. ವಕೀಲರು ಹೌಹಾರಿದರು. "ಪೆಟ್ರೋಲ್ ಇದೆಯಲ್ರೀ ಒಳಗೆ! ಬೆಂಕಿ ಮೇಲೆ ಹೋದ್ರೆ ಕಾರಲ್ಲ, ಊರೇ ಹಾರಿಹೋಗತ್ತೆ!" ನನಗೆ ಸಮಾಧಾನವಾಯಿತು. ಅಷ್ಟರಲ್ಲಿ ಮೇಷ್ಟ್ರು ಗಡ್ಡ ಕೆರೆದು, "ಟ್ಯಾಂಕ್ ಬಿಚ್ಚಿಟ್ರೆ?" ಎಂದರು. ಬಿಚ್ಚುವುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ವಕೀಲರು ಗುಂಡಿಯೊಳಗಿದ್ದರು!

ಮೈದುನ ಅಲಂಕಾರಕ್ಕೆ ನಿಂತ. ಎತ್ತಿಗಾದರೆ ಕೊಂಬಿಗೆ ಬಣ್ಣ ಬಳಿಯಬೇಕು. ಕಾರಿಗೆ?

"ಮೇಷ್ಟ್ರೇ, ಹಾರ್ನ್ ಅಂದ್ರೆ ಏನು ಅರ್ಥ?"

"ಹಾರ್ನ್ ಅಂದ್ರೆ ಇಂಗ್ಲಿಷಲ್ಲಿ ಕೊಂಬು."

"ಕೊಂಬಾ! ಮತ್ತೆ ಇದಕ್ಕೆ ಒಂದೇ ಐತಲ್ಲ!"

ಒಂಟಿ ಕೊಂಬಿನದನ್ನು ಕಿಚ್ಚಿಗೆ ತಂದರೆ ಊರವರು ಏನಂದಾರು? ಮೇಷ್ಟ್ರ ಕಾರಿನ ಹಾರ್ನು ಬಿಚ್ಚಿ ಈ ಕಡೆ ಸಿಕ್ಕಿಸಿದರು. ಎರಡಕ್ಕೂ ಕೆಂಪು ಬಣ್ಣ, ತುದಿಗೆ ಕುಚ್ಚು. ಮೂತಿಗೆ ಸೇವಂತಿಗೆ ಹಾರ. ಹಣೆಯ ಗಾಜಿಗೆ ಅರಿಶಿನ.

ಎಲ್ಲ ಮುಗಿದು ಹೊತ್ತು ಇಳಿಯಿತು. ತಮಟೆ ಶುರುವಾಯಿತು. ನಾನು ಕೇಳಿದೆ, "ಅಲ್ಲಾ, ಟ್ಯಾಂಕು ನಮ್ಮ ಹಿತ್ಲಾಗೈತೆ. ಕಾರು ಓಡೋದು ಹೆಂಗೆ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಓದಿದ ಇಬ್ಬರು, ಅಷ್ಟು ಕುಣಿದ ಒಬ್ಬ, ಒಬ್ಬರಿಗಾದರೂ ಹೊಳೆದಿರಲಿಲ್ಲ!

"ಪಕ್ಕದ ಮನೆ ಎತ್ತು ಕೇಳೋಣ" ಎಂದರು ನನ್ನ ಗಂಡ.

"ಬ್ಯಾಡ. ನಮ್ಮ ಕೊಟ್ಟಿಗೆ ಕಾರಿಗೆ ಬ್ಯಾರೆಯವ್ರ ಎತ್ತು ಯಾಕೆ?" ಎಂದವನೇ ಮೈದುನ ಅಂಗಿ ಬಿಚ್ಚಿ, ಕಾರಿನ ಮುಂದಕ್ಕೆ ಹಗ್ಗ ಕಟ್ಟಿ, ಅದನ್ನು ತನ್ನ ಹೆಗಲಿಗೆ ಹಾಕಿಕೊಂಡ. ಸ್ಟೀರಿಂಗ್ ಹಿಡಿದು ವಕೀಲರು ಕೂತರು. ಹಿಂದೆ ಮೇಷ್ಟ್ರು, ನನ್ನ ಗಂಡ ತಳ್ಳಿದರು. ಊರಿಗೆ ಊರೇ ಹೋ ಎಂದಿತು.

"ಲೋ, ಇದ್ರಾಗೆ ಎತ್ತು ಯಾವ್ದು, ಗಾಡಿ ಯಾವ್ದು?"

"ಕುಂತಿರೋ ಸ್ವಾಮೇರಿಗೂ ಒಂದು ಕುಚ್ಚು ಕಟ್ರಪ್ಪ!"

ದನಗಳೆಲ್ಲ ಹಾರಿ ಮುಗಿದು ಹುಲ್ಲು ಉರಿದು ಕೆಂಡವಾಗಿತ್ತು. ಮೈದುನ ಹಾರಿದ. ಕಾರು ಅವನ ಹಿಂದೆ ಬಂತು. ಮುಂದಿನ ಚಕ್ರ ದಾಟಿತು. ಅಲ್ಲಿಗೆ ಮೇಷ್ಟ್ರ ಪಂಚೆ ಬಂಪರಿಗೆ ಸಿಕ್ಕಿಕೊಂಡಿತು. ಅವರು ಪಂಚೆ ಹಿಡಿದುಕೊಂಡರು, ತಳ್ಳುವುದು ಬಿಟ್ಟರು. ಕಾರು ಹಿಂದಿನ ಚಕ್ರ ಕೆಂಡದ ಅಂಚಿನಲ್ಲಿಟ್ಟು ನಿಂತುಬಿಟ್ಟಿತು!

"ಟೈರು! ಟೈರು!" ಎಂದು ವಕೀಲರು ಒಳಗಿಂದ ಕಿರುಚಿಕೊಂಡರು. ರಬ್ಬರಿನ ಕಮಟು ಎದ್ದಿತು. ಮೈದುನ ಮುಂದಕ್ಕೆ ಬಾಗಿ ಎಳೆದ. ಕಾಲು ಮಣ್ಣಿನಲ್ಲಿ ಜಾರಿ ಮಂಡಿಯೂರಿದ. ಹಗ್ಗ ಹೆಗಲಿಗೆ ಇಳಿಯಿತು. ಎದ್ದ. ಮತ್ತೆ ಜಾರಿದ. ನಗುತ್ತಿದ್ದವರು ನಗು ನಿಲ್ಲಿಸಿದರು.

ಆಗ ಹಿಂದಿನಿಂದ ಒಂದು ಕೂಗು ಬಂತು ನೋಡಿ!

"ಎಳೀಲಾ! ಕಿಚ್ಚಿನ ಮೇಲೆ ನಿಲ್ಬಾರ್ದು! ಎಳೀ ಮಗ್ನೆ, ಎಳೀ!"

ಅತ್ತೆ. ಕೆದರಿದ ತಲೆ, ಬರಿಗಾಲು. ಊರ ಗಂಡಸರನ್ನು ಎರಡೂ ಕೈಯಲ್ಲಿ ತಳ್ಳಿಕೊಂಡು ಓಡಿ ಬರುತ್ತಿದ್ದರು. ಅವನು ತಿರುಗಿ ನೋಡಲಿಲ್ಲ. ನೋಡಿದ್ದರೆ ಹಗ್ಗ ಬಿಡುತ್ತಿದ್ದ. ಎಲ್ಲಿತ್ತೋ ಆ ಬಲ, ಹೂಂಕರಿಸಿ ಎಳೆದ. ಕಾರು ಕೆಂಡ ದಾಟಿ ಇಳಿಜಾರಿಗೆ ಬಿದ್ದು, ಅವನನ್ನೇ ಅಟ್ಟಿಸಿಕೊಂಡು ಹೋಯಿತು. ಅವನು ಪಕ್ಕಕ್ಕೆ ಹಾರಿದ. ವಕೀಲರು ಬ್ರೇಕು ತುಳಿಯುವುದು ಬಿಟ್ಟು "ಹೋ... ಹೋ..." ಎನ್ನುತ್ತ ಅರಳಿಕಟ್ಟೆಗೆ ಗುದ್ದಿದರು! ಊರು ಕುಣಿಯಿತು, ತಮಟೆಯವರು ಬೆವರು ಹರಿಯುವಂತೆ ಬಾರಿಸಿದರು. ಮೇಷ್ಟ್ರು ಮಾತ್ರ ಅರ್ಧ ಪಂಚೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದರು.

ಅತ್ತೆ ಕಾರಿನ ಕಡೆ ನೋಡಲೇ ಇಲ್ಲ. ಸೀದಾ ಮಗನ ಹತ್ತಿರ ಹೋದರು. ಅವನ ಹೆಗಲ ಮೇಲೆ ಹಗ್ಗ ಉಜ್ಜಿ ಚರ್ಮ ಸುಲಿದು ರಕ್ತ ಜಿನುಗುತ್ತಿತ್ತು.

"ಅರಿಶಿನ, ಹರಳೆಣ್ಣೆ ತಾ" ಎಂದು ನನಗೆ ಹೇಳಿದರು. ಅವನಿಗೆ ಹೇಳಿದ್ದು ಒಂದೇ ಮಾತು. "ಕುಂತ್ಕ."

ಅವನು ಅಲ್ಲೇ ಬೀದಿಯ ಮಣ್ಣಿನಲ್ಲಿ ಕೂತ. ನಾನು ಎಣ್ಣೆ ತಂದೆ. ಅತ್ತೆ ಅಂಗೈಯಲ್ಲಿ ಅರಿಶಿನ ಕಲಸಿ ಹೆಗಲಿಗೆ ಒತ್ತಿದರು.

"ಉರೀತದವ್ವ" ಎಂದ.

"ಉರೀಲಿ. ನೊಗ ಉಜ್ಜಿ ಅವುಕ್ಕೂ ಹಿಂಗೇ ಉರೀತಿತ್ತು" ಎಂದರು ಅತ್ತೆ. ಆಮೇಲೆ ಬಾಗಿ, ಉಫ್ ಉಫ್ ಎಂದು ಊದತೊಡಗಿದರು.