ದೋಣಿಯವನಿಗೆ ವೀಸಾ ಕೊಟ್ಟವರಾರು?

ನಮ್ಮ ಅಂಕಲ್ ಪ್ರಕಾರ ಈ ಜಗತ್ತಿನಲ್ಲಿ ಇದುವರೆಗೆ ಬಂದಿರುವ ಸಿನಿಮಾ ಒಂದೇ ಒಂದು. ಉಳಿದವೆಲ್ಲ ಅದರ ಮೇಲೆ ನಡೆದ ದೌರ್ಜನ್ಯ! ಲಂಡನ್ನಿನ ಏರ್‌ಪೋರ್ಟಿಗೆ ಅಂಟಿಕೊಂಡಿರುವ ಫೆಲ್ಥಮ್ಮಿನ ತಮ್ಮ ಮನೆಯ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅವರು ಹೀಗೊಂದು ತೀರ್ಪು ಕೊಟ್ಟರೆಂದರೆ ಮುಗಿಯಿತು, ಮೇಲ್ಮನವಿಗೆ ಅವಕಾಶವಿಲ್ಲ. ಛಾವಣಿ ಸವರಿಕೊಂಡು ವಿಮಾನ ಇಳಿಯುವಾಗ ಮಾತ್ರ ಅರೆಕ್ಷಣ ಸುಮ್ಮನಾಗುತ್ತಾರೆ. ಅದು ನಮ್ಮ ಮೇಲಿನ ಕರುಣೆಯಿಂದಲ್ಲ, ತಮ್ಮ ಒಂದು ಬೈಗುಳವೂ ನಮ್ಮ ಕಿವಿ ತಪ್ಪಿಸಿಕೊಳ್ಳಬಾರದೆಂದು.

ಇವರು ನನಗೆ ರಕ್ತಸಂಬಂಧಿಯೇನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಗಂಡನ ವರ್ಕ್ ವೀಸಾ ಹಿಡಿದುಕೊಂಡು ನಾನು ಬೆಂಗಳೂರಿನಿಂದ ಬಂದಿಳಿದಾಗ ಪಕ್ಕದ ಮನೆಯವರಾಗಿ ಸಿಕ್ಕಿದವರು. ಉಡುಪಿ ಕಡೆಯ ಕ್ರೈಸ್ತರು. ಅಂಕಲ್‌ಗೆ ಏರ್‌ಪೋರ್ಟಿನ ಕಾರ್ಗೋ ಶೆಡ್ಡಿನಲ್ಲಿ ಕೆಲಸ, ಆಂಟಿಗೆ ಅಂಕಲ್ ಜೊತೆ ವಾದಿಸುವ ಕೆಲಸ. ಗಂಡ ಹೆಂಡತಿ ಮನೆಯಲ್ಲಿ ಆಡುವುದು ಕೊಂಕಣಿ, ಪ್ರಾರ್ಥನೆಯೂ ಕೊಂಕಣಿ, ಕೌನ್ಸಿಲ್‌ನವರಿಗೆ ಕಸದ ಬಿನ್ ಯಾವಾಗ ಹೊರಗಿಡಬೇಕೆಂಬ ಚರ್ಚೆ ಇಂಗ್ಲಿಷ್. ಆದರೆ ಸಿನಿಮಾದ ಮಾತು ಬಂತೋ, ಇಬ್ಬರೂ ಕನ್ನಡಕ್ಕೆ ಜಿಗಿದುಬಿಡುತ್ತಾರೆ. ಆ ಮಾತು ಜಗಳವಾಗದೆ ಮುಗಿದದ್ದನ್ನು ನಾನು ಕಂಡಿಲ್ಲ. ಹಾಗಾಗಿ ಅವರ ಜಗಳದ ಭಾಷೆ ಕನ್ನಡ ಎಂದರೂ ತಪ್ಪಿಲ್ಲ.

ಅಂಕಲ್ ಒಪ್ಪಿಕೊಂಡ ಆ ಒಂದೇ ಒಂದು ಸಿನಿಮಾ ಕಪ್ಪುಬಿಳುಪಿನದು. ಹೊಸದಾಗಿ ಮದುವೆಯಾದ ಒಬ್ಬ ದೋಣಿಯವನು. ನೆರೆ ಬಂದ ದಿನ ಆಚೆ ದಡದವರನ್ನು ಕರೆತರಲು ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಹೆಂಡತಿ ಲಾಟೀನು ಹಿಡಿದು ದೋಣಿ ನಿಲ್ಲುವ ಕಡವಿನಲ್ಲಿ ನಿಂತಿರುತ್ತಾಳೆ. ಅಷ್ಟೇ. ಅವಳ ಮುಖದ ಮೇಲೆಯೇ ದಪ್ಪಕ್ಷರದಲ್ಲಿ 'ಶುಭಂ' ಎಂದು ಬರುತ್ತದೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಅದನ್ನು ಉಡುಪಿಯ ಟಾಕೀಸಿನಲ್ಲಿ ನೋಡಿದ್ದಂತೆ. ವಾಪಸು ಬರುವ ಬಸ್ಸಿನಲ್ಲಿ ಆಂಟಿ ಕೇಳಿದರಂತೆ, "ಆಮೇಲೆ ಎಂತ ಆಯ್ತು?"

"ಆಮೇಲೆ ಎಂತದ್ದೂ ಇಲ್ಲ. ಮುಗೀತು."

"ಅವಳನ್ನು ಅಲ್ಲೇ ಚಳಿಯಲ್ಲಿ ನಿಲ್ಲಿಸಿ ಶುಭಂ ಅಂತ ಹಾಕಿದ್ದಾರಲ್ಲ, ಅದ್ರಲ್ಲಿ ಎಂತ ಶುಭ ಉಂಟು?"

ಈ ಜಗಳ ಬಸ್ಸಿಳಿದು, ಹಡಗು ಹತ್ತಿ, ಗಲ್ಫ್ ಸುತ್ತಿ, ಲಂಡನ್ನಿಗೆ ಬಂದು ಬೇರೂರಿತ್ತು. ಆಂಟಿಗೆ ಮುಂದಿನ ಕತೆ ಬೇಕು. ಅಂಕಲ್‌ಗೆ ಮುಂದಿನ ಕತೆ ಎನ್ನುವ ಮಾತೇ ಮಹಾಪಾಪ. ಚರ್ಚಿಗೆ ಹೋಗಿ ತಪ್ಪೊಪ್ಪಿಕೊಂಡರೂ ಪರಿಹಾರವಿಲ್ಲದಂಥದ್ದು!

ಹಳೆಯ ಕತೆಗೆ ಹೊಸ ವೇಷ ಹಾಕುವವರನ್ನು ಕಂಡರಂತೂ ಅಂಕಲ್‌ಗೆ ಮೈಯೆಲ್ಲ ಉರಿ. ಆಂಟಿ ರೇನರ್ಸ್ ಲೇನಿನ ಇಂಡಿಯನ್ ಅಂಗಡಿಯಿಂದ ಬೇಳೆ, ಕರಿಬೇವಿನ ಜೊತೆ ಬಾಡಿಗೆಗೆ ವಿಡಿಯೊ ಕ್ಯಾಸೆಟ್ಟುಗಳನ್ನೂ ತರುತ್ತಿದ್ದರು. ಒಮ್ಮೆ ಪುರಾಣದ ಧಾರಾವಾಹಿಯೊಂದು ಬಂತು. ರಾಜಕುಮಾರರು ವನವಾಸಕ್ಕೆ ಹೊರಟಿದ್ದಾರೆ, ಹಿನ್ನೆಲೆಯಲ್ಲಿ ಕರುಳು ಹಿಂಡುವ ಆಲಾಪ, ನನ್ನ ಕಣ್ಣಲ್ಲಿ ನೀರು. ಅಷ್ಟರಲ್ಲಿ ಅಂಕಲ್ ಟೀವಿಯ ಹತ್ತಿರ ಹೋಗಿ ಬೆರಳು ತೋರಿಸಿದರು.

"ಇಲ್ಲಿ ನೋಡು ಮಾರಾಯ್ತಿ. ಹುಲ್ಲು ಕಟ್ ಮಾಡಿದ್ದಾರೆ. ಕಾಡಿನಲ್ಲಿ ಲಾನ್ ಮೂವರ್ ಯಾರು ಹಿಡೀತಾರೆ, ಹನುಮಂತನಾ?"

ಆ ಕ್ಷಣದಿಂದ ನನಗೆ ವನವಾಸ ಕಾಣಲಿಲ್ಲ. ಬರೀ ಹುಲ್ಲೇ ಕಾಣತೊಡಗಿತು. ಹಾಳುಮಾಡುವುದೂ ಒಂದು ವಿದ್ಯೆ ಎಂದು ನನಗೆ ಗೊತ್ತಾದದ್ದು ಅಂದೇ.

ಇಂಥವರ ಹಣೆಯಲ್ಲಿ ಏನು ಬರೆದಿತ್ತು ಹೇಳಿ? ಅವರ ಆ ಕಪ್ಪುಬಿಳುಪಿನ ದೋಣಿ ಸಿನಿಮಾವನ್ನೇ ಯಾರೋ ಪುಣ್ಯಾತ್ಮರು ಹೊಸದಾಗಿ ತೆಗೆದರು, ಅದೂ ಬಣ್ಣದಲ್ಲಿ! ಆಗ ನಮ್ಮ ಸಿನಿಮಾದವರಿಗೆಲ್ಲ ಹಾಡಿಗೆ ವಿದೇಶ ಬೇಕೇಬೇಕು ಎನ್ನುವ ಚಟ ಹತ್ತಿದ್ದ ಕಾಲ. ಹೀಗಾಗಿ ಬಡಪಾಯಿ ದೋಣಿಯವನು ಕನಸಿನಲ್ಲಿ ಥೇಮ್ಸ್ ನದಿಗೆ ಬಂದು, ಕೋಟು ತೊಟ್ಟು, ಮೋಟಾರು ಬೋಟಿನ ಮೇಲೆ ಕುಣಿಯುತ್ತಾನೆ.

"ಅಲ್ಲ ಮಾರಾಯ್ತಿ, ನನಗೆ ವೀಸಾ ಸಿಗ್ಲಿಕ್ಕೆ ಚಪ್ಪಲಿ ಸವೆದಿತ್ತು. ಈ ದೋಣಿಯವನಿಗೆ ಯಾರು ಕೊಟ್ಟದ್ದು ವೀಸಾ?"

"ಕನಸು ಅಂಕಲ್ ಅದು," ಎಂದೆ.

"ಕನಸಿಗಾದ್ರೂ ಒಂದು ಯೋಗ್ಯತೆ ಬೇಡ್ವಾ?"

ಆ ಸಿನಿಮಾದ ಪ್ರದರ್ಶನವನ್ನಂತೂ ನಮ್ಮ ಸೀಮೆಯ ಕನ್ನಡಿಗರು ಯಾರೂ ಮರೆಯುವಂತಿಲ್ಲ. ಆಗೆಲ್ಲ ಕನ್ನಡ ಸಿನಿಮಾ ಎಂದರೆ ಯಾರಾದರೂ ಉತ್ಸಾಹಿಗಳು ಭಾನುವಾರ ಬೆಳಗ್ಗೆ ಚಿತ್ರಮಂದಿರವೊಂದನ್ನು ಬಾಡಿಗೆಗೆ ಹಿಡಿಯುವುದು, ಊರಿನಿಂದ ವಿಮಾನದಲ್ಲಿ ರೀಲಿನ ಡಬ್ಬಗಳನ್ನು ತರಿಸುವುದು, ಇಂಟರ್ವಲ್ಲಿಗೆ ಚಿತ್ರಾನ್ನ, ಕಾಫಿ ಹಂಚುವುದು. ಪ್ರೊಜೆಕ್ಟರ್ ನಡೆಸುವ ಇಂಗ್ಲಿಷಿನವನಿಗೆ ಕನ್ನಡದ ಗಂಧಗಾಳಿಯಿಲ್ಲ. ಆ ದಿನ ಅವನು ರೀಲುಗಳನ್ನು ಹಿಂದುಮುಂದು ಮಾಡಿ ಹಾಕಿಬಿಟ್ಟ. ದೋಣಿಯವನು ನೆರೆಯಲ್ಲಿ ಮುಳುಗಿದ. ಹತ್ತು ನಿಮಿಷ ಬಿಟ್ಟು ಅವನೇ ಬಾಸಿಂಗ ಕಟ್ಟಿಕೊಂಡು ತಾಳಿ ಕಟ್ಟಿದ! ತುಂಬಿದ ಸಭೆಯಲ್ಲಿ ಯಾರಾದರೂ ಕಮಕ್ ಕಿಮಕ್ ಎಂದರೇ? ಇಲ್ಲ. ಎಲ್ಲರೂ ಫ್ಲ್ಯಾಶ್‌ಬ್ಯಾಕ್ ಎಂದುಕೊಂಡು ಗಂಭೀರವಾಗಿ ನೋಡುತ್ತಿದ್ದರು.

ಕತ್ತಲಲ್ಲಿ ಅಂಕಲ್ ಒಬ್ಬರೇ ಎದ್ದು ನಿಂತರು. "ರೀಲು ತಪ್ಪಿದೆ ಮಾರಾಯ್ರೆ! ಸತ್ತವ ಮದುವೆ ಆಗ್ತಿದ್ದಾನೆ!"

"ರೀ, ಕೂತ್ಕೊಳ್ರೀ ಸಾರ್, ಹೊಸ ಟೆಕ್ನಿಕ್ಕು ಅದು," ಎಂದು ಹಿಂದಿನಿಂದ ಯಾರೋ ಗದರಿದರು.

ಇಂಟರ್ವಲ್ಲಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದ ಸಾಫ್ಟ್‌ವೇರ್ ಮಂಡಳಿ, ನಿರ್ದೇಶಕನ ಆ ಧೈರ್ಯವನ್ನು ಬಾಯ್ತುಂಬ ಹೊಗಳಿತು. ಅಂಕಲ್ ಅದನ್ನು ಕೇಳಿಸಿಕೊಂಡು, "ಇವರು ಹೇಳುವುದು ಸರಿ. ಸರಿಯಾಗಿ ತೋರಿಸಿದ್ದಿದ್ರೆ ಇದಕ್ಕಿಂತ ಕಡೆಯಾಗ್ತಿತ್ತು," ಎಂದು ಕೋಟು ಹಾಕಿಕೊಂಡು ಹೊರಟೇಹೋದರು. ಆಂಟಿ ಮಾತ್ರ ಕೊನೆಯವರೆಗೂ ಕೂತಿದ್ದರು. ಬಣ್ಣದ ಸಿನಿಮಾದಲ್ಲೂ ಹೆಂಡತಿ ಕಡವಿನಲ್ಲಿ ನಿಂತೇ ಇದ್ದಳು. ಲಾಟೀನಿನ ಬದಲು ಟಾರ್ಚು, ಅಷ್ಟೇ ವ್ಯತ್ಯಾಸ.

ಅದು ಹೇಗೋ ಊರಿನಲ್ಲಿ ಚೆನ್ನಾಗಿ ಓಡಿತು. ಓಡಿದ ಮೇಲೆ ಬಿಡುತ್ತಾರೆಯೇ? ಕೆಲವು ವರ್ಷಗಳಲ್ಲಿ 'ಭಾಗ ಎರಡು' ತಯಾರಾಯಿತು! ಅದರ ರೀಲಿನ ಡಬ್ಬಗಳು ಬಂದದ್ದೂ ಅಂಕಲ್‌ರ ಕಾರ್ಗೋ ಶೆಡ್ಡಿಗೇ. ಹೆಣ ಬಂದಿದ್ದರೂ ಅಷ್ಟು ದುಃಖವಾಗುತ್ತಿರಲಿಲ್ಲ ಎಂಬ ಮುಖ ಹೊತ್ತು ಮನೆಗೆ ಬಂದರು. ಆಂಟಿಗೆ ಮಾತ್ರ ಹಬ್ಬ.

"ಈ ಭಾನುವಾರ ನೀವೂ ನನ್ನ ಜೊತೆ ಬರ್ಬೇಕು," ಎಂದರು.

"ಸತ್ತವನನ್ನು ಎಬ್ಬಿಸಿ ಟಿಕೆಟ್ ಮಾರ್ತಾರೆ. ಅದನ್ನು ನೋಡ್ಲಿಕ್ಕೆ ನಾನು ಬರ್ಬೇಕಾ? ಮುಗಿದದ್ದು ಮುಗೀತು."

"ನಿಮಗೆ ಮುಗಿದಿರ್ಬಹುದು. ಅವಳು ಇಷ್ಟು ವರ್ಷದಿಂದ ಅಲ್ಲೇ ನಿಂತಿದ್ದಾಳೆ. ಯಾರಾದ್ರೂ ಕೈ ಹಿಡಿದು ಮನೆಗೆ ಕರ್ಕೊಂಡು ಹೋಗ್ಬೇಡ್ವಾ?"

ಇದಕ್ಕೆ ಅಂಕಲ್ ಉತ್ತರ ಕೊಡುವ ಮೊದಲೇ ಆಸ್ಪತ್ರೆಯಿಂದ ಫೋನು ಬಂತು. ಆಂಟಿಯ ಎದೆ ಕೆಲವು ತಿಂಗಳಿಂದ ಸರಿಯಿರಲಿಲ್ಲ. ಜೀಪಿ ಎನ್ನುವ ಇಲ್ಲಿನ ಮನೆಡಾಕ್ಟರು ಆಸ್ಪತ್ರೆಗೆ ಬರೆದುಕೊಟ್ಟು, ಪರೀಕ್ಷೆಗಳಾಗಿ, ಹೃದಯದ ಆಪರೇಷನ್‌ಗೆ ಸರದಿ ಕಾಯುತ್ತಿದ್ದರು. ಆ ಸರದಿ ಬಂದದ್ದು ಈಗ! ಭಾನುವಾರ ದಾಖಲಾಗಬೇಕು, ಸೋಮವಾರ ಬೆಳಗ್ಗೆ ಆಪರೇಷನ್. ನಮ್ಮ ಸೀಮೆಯ ಕನ್ನಡಿಗರೆಲ್ಲ ಭಾಗ ಎರಡು ನೋಡಲು ಹೋದ ಹೊತ್ತಿಗೆ ನಾನು ಇವರಿಬ್ಬರನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅಂಕಲ್ ಯಾರನ್ನೂ ಬೈಯಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ.

ಸೋಮವಾರ ಬೆಳಗ್ಗೆ ಆಂಟಿ ಆಸ್ಪತ್ರೆಯ ಗೌನು ತೊಟ್ಟು, ಕೈಯಲ್ಲಿ ಜಪಮಾಲೆ ಹಿಡಿದು ಮಲಗಿದ್ದರು. ಸರ್ಜನ್ ಅಪಾಯಗಳನ್ನೆಲ್ಲ ವಿವರಿಸಿ ಹೋಗಿದ್ದ. ಅವನು ಹೋದ ಮೇಲೆ ಇಬ್ಬರೂ ಕೊಂಕಣಿಯಲ್ಲಿ ಪ್ರಾರ್ಥನೆ ಹೇಳಿದರು. ಇದ್ದಕ್ಕಿದ್ದಂತೆ ಅಂಕಲ್ ಕನ್ನಡದಲ್ಲಿ ಹೇಳಿದರು, "ಅವನು ಬಂದ."

"ಯಾರು?"

"ಯಾರು ಅಂದ್ರೆ ಎಂತ? ದೋಣಿಯವ. ಅವ ಸತ್ತಿರ್ಲಿಲ್ಲ."

ಆಂಟಿ ಕಣ್ಣರಳಿಸಿ ನನ್ನ ಕಡೆ ನೋಡಿದರು.

"ನೆರೆ ಅವನನ್ನು ಅಳಿವೆ ತನಕ ಎಳ್ಕೊಂಡು ಹೋಗಿತ್ತು. ಮೀನು ಹಿಡಿಯುವವರು ಎತ್ತಿದ್ರು. ಕಾಲು ಮುರಿದಿತ್ತು. ಗುಣ ಆಗ್ಲಿಕ್ಕೆ ಟೈಮ್ ಹಿಡೀತು."

"ಒಂದು ಕಾಗದ ಹಾಕ್ಲಿಕ್ಕೆ ಎಂತ ಧಾಡಿ ಅವನಿಗೆ?"

"ಬರೀಲಿಕ್ಕೆ ಬರ್ತಿರ್ಲಿಲ್ಲ. ಪಾಪದವ. ಕೋಲು ಊರಿಕೊಂಡು ನಡೆದೇ ಬಂದ. ದೂರದಿಂದ ಲಾಟೀನು ಕಂಡಿತು."

"ಅವಳು ಎಂತ ಹೇಳಿದ್ಲು?"

ಅಷ್ಟರಲ್ಲಿ ಟ್ರಾಲಿ ತಳ್ಳುವವರು ಬಂದರು. ಆಂಟಿ ಗಂಡನ ತೋಳು ಬಿಡಲಿಲ್ಲ. "ಹೇಳಿ, ಅವಳು ಎಂತ ಹೇಳಿದ್ಲು?"

"ಈಗ ಇಂಟರ್ವಲ್," ಎಂದರು ಅಂಕಲ್. "ಉಳಿದದ್ದು ನೀನು ಹೊರಗೆ ಬಂದ ಮೇಲೆ."

ಆಂಟಿ ನಕ್ಕರು. ನಗುತ್ತಲೇ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡ ಮೇಲೆ, ಅದುವರೆಗೆ ನೆಟ್ಟಗೆ ನಿಂತಿದ್ದ ಮನುಷ್ಯ ಗೋಡೆ ಹಿಡಿದು ಕುರ್ಚಿಗೆ ಕುಸಿದರು. ನನಗೆ ಅಳು ಬಂತು, ಮುಚ್ಚಿಡಲಿಲ್ಲ.

"ಮಾರಾಯ್ತಿ, ನೀನು ಸುಮಾರು ಸಿನಿಮಾ ನೋಡಿದ್ದೀಯಲ್ಲ," ಎಂದರು. "ಅವಳು ಎಂತ ಹೇಳ್ಬೇಕು, ಹೇಳು. ನನಗೆ ಒಂದೂ ಹೊಳೆಯುವುದಿಲ್ಲ. ಇವಳು ಎದ್ದು ಕೇಳ್ತಾಳೆ."

ನಾವಿಬ್ಬರೂ ಆ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ಗಂಟೆಗಟ್ಟಲೆ ಕತೆ ಕಟ್ಟಿದೆವು. ದೋಣಿಯವನಿಗೆ ಮನೆ ಕಟ್ಟಿಸಿದೆವು. ಮಕ್ಕಳಾದವು, ಮಗಳಿಗೆ ಮದುವೆಯಾಯಿತು. ಹೆಂಡತಿಗೆ ಒಂದು ಕೆಮ್ಮು ಕೂಡ ಬರಗೊಡಲಿಲ್ಲ ಅಂಕಲ್. ಆದರೆ ಅವಳ ಆ ಮೊದಲ ಮಾತು ಮಾತ್ರ ನಮಗೆ ಸಿಗಲಿಲ್ಲ. ನಾನು ಹೇಳಿದ್ದನ್ನೆಲ್ಲ ಅವರು ತಲೆಯಾಡಿಸಿ ತಳ್ಳಿಹಾಕುತ್ತಿದ್ದರು.

ಸಂಜೆ ಹೊತ್ತಿಗೆ ನರ್ಸ್ ಬಂದಳು. ಎಲ್ಲ ಚೆನ್ನಾಗಿ ಆಗಿದೆ, ಎಚ್ಚರಾಗಿದೆ, ಆದರೆ ತಮಗೆ ತಿಳಿಯದ ಭಾಷೆಯಲ್ಲಿ ಏನೋ ಒಂದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ ಎಂದಳು.

"ಇನ್ನೂ ರೆಡಿ ಆಗ್ಲಿಲ್ಲವಲ್ಲ ಮಾರಾಯ್ತಿ," ಎನ್ನುತ್ತ ಅಂಕಲ್ ಕಣ್ಣೊರೆಸಿಕೊಂಡು ಎದ್ದರು, ಮತ್ತು ಆ ವಯಸ್ಸಿನಲ್ಲಿ, ಆಸ್ಪತ್ರೆಯ ಆ ನುಣುಪು ನೆಲದ ಮೇಲೆ, ಓಡಿದರು.