ಎರಡೂ ಕಡೆ ಬಿಚ್ಚಿದ ಬ್ರೇಕು

ಗುಮಾಸ್ತರ ಹಳೆಯ ಕಾರು ಶನಿವಾರ ಸಂಜೆ ಗೇಟಿನ ಮುಂದೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಒಳಗೆ ನುಗ್ಗಿ, ಹೆಂಡತಿ ಮಗುವಿನಂತೆ ಸಾಕಿದ್ದ ಗುಲಾಬಿ ಕುಂಡವನ್ನು ಪುಡಿಮಾಡಿ, ಆಮೇಲೆ ಸಾವಕಾಶವಾಗಿ ನಿಂತಿತು. ಹಿಂದಿನ ಚಕ್ರಗಳ ಬ್ರೇಕು ಪೂರ್ತಿ ಕೈಕೊಟ್ಟಿತ್ತು.

"ನಾಳೆ ಸಂಜೆಯೊಳಗೆ ಸರಿಮಾಡಿ. ಇಲ್ಲಾಂದ್ರೆ ಗುಜರಿಯವನನ್ನ ನಾನೇ ಕರೀತೀನಿ," ಎಂದಳು ಹೆಂಡತಿ.

ಕಚೇರಿಯಲ್ಲಿ ಸಾಹೇಬರ ಮಾತು, ಮನೆಯಲ್ಲಿ ಹೆಂಡತಿಯ ಮಾತು ಕೇಳುವ ಗುಮಾಸ್ತರ ಮಾತನ್ನು ಇಡೀ ಲೋಕದಲ್ಲಿ ಕೇಳುತ್ತಿದ್ದುದು ಆ ಸ್ಟೀರಿಂಗ್ ಒಂದೇ.

ಭಾನುವಾರ ಗ್ಯಾರೇಜಿಗೆ ಬೀಗ. ಗುಮಾಸ್ತರೇ ಹೇಗೋ ಹೊಸ ಬ್ರೇಕ್ ಶೂಗಳನ್ನು ತಂದು, ಕಾರಿನ ಹಿಂಬದಿಯನ್ನು ಜಾಕಿನ ಮೇಲೆ ಎತ್ತಿದ್ದೇ ತಡ, ಎದುರುಮನೆಯ ನಿವೃತ್ತ ಮೇಷ್ಟ್ರು ಹಾಜರು. ಹಿಂದೆಯೇ ಪಕ್ಕದ ಮನೆಯ ದರ್ಜಿಯೂ ಬಂದ. ಇಬ್ಬರಿಗೂ ಕಾರಿರಲಿಲ್ಲ, ಹಾಗಾಗಿ ಸಲಹೆಗೆ ಬರವಿರಲಿಲ್ಲ.

ಚಕ್ರವನ್ನು ಒತ್ತಿ ನಿಲ್ಲಿಸುವ ಈ ಶೂಗಳು ಕೂರುವುದು ಚಕ್ರದ ಹಿಂದಿನ ತಪ್ಪಲೆಯಂಥ ಡ್ರಮ್ಮಿನೊಳಗೆ. ಅವನ್ನು ಹಿಡಿದಿಡಲು ಒಂದು ರಾಶಿ ಸ್ಪ್ರಿಂಗು. ಬಲ್ಲವರು ಒಂದು ಕಡೆ ಬಿಚ್ಚುವಾಗ ಇನ್ನೊಂದು ಕಡೆಯದನ್ನು ಮುಟ್ಟುವುದಿಲ್ಲ, ನೋಡಿಕೊಂಡು ಜೋಡಿಸಲು ಬೇಕಲ್ಲ. ಆದರೆ ಇಲ್ಲಿ ಬಲ್ಲವರ ಸಂಖ್ಯೆ ವಿಪರೀತವಾಗಿತ್ತು. ಎಡ ಚಕ್ರ ಮೇಷ್ಟ್ರ ಪಾಲಾಯಿತು, ಬಲ ಚಕ್ರ ದರ್ಜಿಯ ಪಾಲಾಯಿತು, ಯಾರು ಮೊದಲು ಎಂಬ ಪಂದ್ಯ ಬೇರೆ. ಒಂದು ಸ್ಪ್ರಿಂಗು ಮೇಷ್ಟ್ರ ಕನ್ನಡಕ ಹಾರಿಸಿ ಚರಂಡಿಗೆ ಬಿತ್ತು. ಅದನ್ನೂ ಹುಡುಕಿ ತಂದು, ಎಲ್ಲವನ್ನೂ ಒಂದೇ ಗೋಣಿಚೀಲದ ಮೇಲೆ ಸುರಿದರು. ಯಾವುದು ಎಡದ್ದು, ಯಾವುದು ಬಲದ್ದು ಎಂದು ಆ ದೇವರೇ ಹೇಳಬೇಕಿತ್ತು.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು, ಕಾರು ಮಾಡಿದವನಿಗೇ ಬುದ್ಧಿಯಿಲ್ಲ ಎಂದು ತೀರ್ಪು ಕೊಟ್ಟರು. ನಾಲ್ಕಾರು ಸ್ಪ್ರಿಂಗು ಮಿಕ್ಕರೆ ತಲೆ ಕೆಡಿಸಿಕೊಳ್ಳಬೇಡಿ, ತಾನು ಹೊಲಿದಾಗಲೂ ಬಟ್ಟೆ ಮಿಗುತ್ತದೆ ಎಂದು ದರ್ಜಿ ಸಮಾಧಾನ ಹೇಳಿದ. ಗುಮಾಸ್ತರು ಅಳುವುದೊಂದು ಬಾಕಿ.

ಆಗ ಹೆಂಡತಿ ಬಂದು ಮೊಬೈಲು ಚಾಚಿದಳು. ಡ್ರಮ್ಮು ತೆಗೆದಿಟ್ಟು, ಸ್ಪ್ರಿಂಗು ಬಿಚ್ಚುವ ಮೊದಲು ಇವರೆಲ್ಲ ಕಾಫಿಗೆ ಒಳಗೆ ಹೋಗಿದ್ದಾಗ, ಎರಡೂ ಕಡೆಯ ಫೋಟೋ ತೆಗೆದಿಟ್ಟಿದ್ದಳು. ಅದನ್ನು ನೋಡಿ ಒಂದೊಂದೇ ಸ್ಪ್ರಿಂಗು ಸಿಕ್ಕಿಸಿದರು. ಸಂಜೆ ಗುಮಾಸ್ತರು ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದು ಬ್ರೇಕ್ ಒತ್ತಿದರೆ, ಕಾರು ಗೇಟಿನ ಮುಂದೆ ಗಕ್ಕನೆ ನಿಂತಿತು. ಕೀರ್ತಿಯನ್ನು ಮೇಷ್ಟ್ರೂ ದರ್ಜಿಯೂ ಹಂಚಿಕೊಂಡು ಮನೆಗೆ ಹೋದರು, ಕೈಗಂಟಿದ ಗ್ರೀಸು ಗುಮಾಸ್ತರಿಗೆ ಉಳಿಯಿತು. ಆದರೂ ಅವರಿಗೆ ಹಿಡಿಸಲಾರದಷ್ಟು ಖುಷಿ.

"ನೀನು ಫೋಟೋ ತೆಗೀದೆ ಇದ್ದಿದ್ರೆ ನನ್ನ ಕಾರು ಹೋಗೇಬಿಡ್ತಿತ್ತು ಕಣೇ."

"ನಿಮಗೋಸ್ಕರ ತೆಗೀಲಿಲ್ಲ. ನನ್ನ ತಮ್ಮ ಕೇಳಿದ್ದ. ಬ್ರೇಕ್ ಸರಿಹೋದ್ರೆ ಕಾರು ನಾನೇ ಇಟ್ಕೋತೀನಿ ಅಕ್ಕ, ಒಳಗೆ ಹೇಗಿದೆ ಫೋಟೋ ಕಳ್ಸು ಅಂದ."

"ಸರಿಮಾಡಿದ್ರೆ ಗುಜರಿಗೆ ಹಾಕಲ್ಲ ಅಂದಿದ್ಯಲ್ಲೇ?"

"ಹಾಕಿದ್ನಾ ಈಗ?"

ಅಷ್ಟರಲ್ಲಿ ಭಾಮೈದ ಗೇಟಿಗೆ ಬಂದು, ಕೀ ಕೊಡಿ ಭಾವ ಎಂದು ಕೈಯೊಡ್ಡಿದ. ಕೊಟ್ಟರು. ಕಾರು ಹೊರಟಿತು. ಒಂದೇ ಒಂದು ಸ್ಪ್ರಿಂಗಾದರೂ ತಪ್ಪಾಗಿ ಕೂತಿರಲಿ ದೇವರೇ ಎಂದು ಗುಮಾಸ್ತರು ಬೇಡಿಕೊಳ್ಳುತ್ತ ನೋಡಿದರು. ಬೀದಿಯ ತಿರುವಿನಲ್ಲಿ ಹಿಂದಿನ ಕೆಂಪು ದೀಪ ಹೊತ್ತಿತು, ಕಾರು ಹದವಾಗಿ ನಿಂತಿತು, ಎರಡೂ ಬದಿ ನೋಡಿಕೊಂಡು ಹೊರಟುಹೋಯಿತು.