ಹೋದ ರೊಕ್ಕ ವಾಪಸ್ ತರೋ ಕಾರ್ಡು

ನಾನು ಹುಮನಾಬಾದಿನ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುತ್ತಿದ್ದೆ. ಮನೆ ಬಸವಕಲ್ಯಾಣದಲ್ಲಿ, ದಿನಾ ಬಸ್ಸಿನ ಓಡಾಟ. ಇತಿಹಾಸ ಹೇಳುವವರನ್ನು ಬಸ್ಸಿನಲ್ಲಿ ಯಾರೂ ಹಿಡಿದು ಚಾಲುಕ್ಯರ ಬಗ್ಗೆ ಕೇಳುವುದಿಲ್ಲ. ಕಾಮರ್ಸ್ ಹೇಳುವವರಿಗೆ ಮಾತ್ರ ಆ ಸುಖ ಇಲ್ಲ. ಊರಿಗೆ ಒಂದು ಸ್ಕೀಮು ಬಂತೆಂದರೆ ಸಾಕು, "ಸರ್, ಇದು ಖರೇ ಅದನೋ, ಖೊಟ್ಟಿ ಅದನೋ?" ಎಂದು ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದು ಬಿಟ್ಟು ಕೇಳುತ್ತಿದ್ದ. ಮೊದಲು ತೇಗದ ಗಿಡದ ಸ್ಕೀಮು ಬಂತು, ಆಮೇಲೆ ಕಂತಿನ ಟೀವಿ ಬಂತು. ಮೊಬೈಲ್ ಫೋನು ಇನ್ನೂ ದೊಡ್ಡವರ ಕೈಯಲ್ಲಷ್ಟೇ ಇದ್ದ ಕಾಲಕ್ಕೆ ಈ ಖರೀದಿ ಕಾರ್ಡು ಬಂತು. ಇದಕ್ಕೆ ನಕ್ಕಷ್ಟು ನಾನು ಬೇರೆ ಯಾವ ಸ್ಕೀಮಿಗೂ ನಕ್ಕಿಲ್ಲ.

ಕಿಸೆಯಲ್ಲೇ ಇರಲಿ

ಹುಮನಾಬಾದಿನಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಸಭೆ ಕರೆದಿದ್ದರು. ಉರಿಬಿಸಿಲಿನ ದಿನ. ಕಂಪನಿಯ ಏಜೆಂಟ, ಸೊಲ್ಲಾಪುರದ ಕಡೆಯ ಹುಡುಗ, ಕೋಟು ಟೈ ಹಾಕಿಕೊಂಡು ಬೆವರುತ್ತ ನಿಂತಿದ್ದ. ಒಮ್ಮೆ ಫೀಸು ತುಂಬಿದರೆ ಕಾರ್ಡು ಸಿಗುತ್ತದೆ, ಕಾರ್ಡು ತೋರಿಸಿ ಕಂಪನಿಯ ಅಂಗಡಿಯಲ್ಲಿ ಸಾಮಾನು ಕೊಂಡರೆ ಕೊಟ್ಟ ರೊಕ್ಕದಲ್ಲಿ ಒಂದು ಪಾಲು ತಿಂಗಳಾ ತಿಂಗಳಾ ವಾಪಸ್ ಬರುತ್ತದೆ, ಬೇರೆ ಮಂದಿಯನ್ನು ಸೇರಿಸಿದರೆ ಇನ್ನೂ ಹೆಚ್ಚು ಬರುತ್ತದೆ, ಎಂದು ಬಿಡಿಸಿ ಹೇಳಿದ.

ಮನ್ನಾಏಖೇಳ್ಳಿ ಕಡೆಯ ಒಬ್ಬ ಮುದುಕಪ್ಪ ರುಮಾಲು ಸರಿಮಾಡಿಕೊಂಡು ಎದ್ದು ನಿಂತ.

"ಸಾಹೇಬ್ರ, ನಾ ಕೊಟ್ಟ ರೊಕ್ಕ ನನಗ ವಾಪಸ್ ಬರ್ತದಂತೀರಿ."

"ಹೌದ್ರಿ ಕಾಕಾ."

"ನಡುವ ಅದು ಎಲ್ಲಿ ಇರ್ತದ?"

"ಕಂಪನಿ ಕಡೆ ಸುರಕ್ಷಿತ ಇರ್ತದ್ರಿ."

"ಸುರಕ್ಷಿತ ಇರೋದಾದ್ರ ನನ್ನ ಕಿಸೆದಾಗ ಇರ್ಲಿ ಬಿಡ್ರಿ. ಈ ಬಿಸಲಾಗ ಅದಕ್ಕ ಹೋಗಿ ಬರೋ ತ್ರಾಸ ಯಾಕ?"

ಇಡೀ ಸಭೆ ನಕ್ಕಿತು, ಏಜೆಂಟನೂ ನಕ್ಕ. ಆಮೇಲೆ ನಕ್ಕವರಲ್ಲಿ ಅರ್ಧ ಮಂದಿ ಸಾಲು ಹಚ್ಚಿ ಫೀಸು ತುಂಬಿದರು. ಕಾರ್ಡು ಅಷ್ಟು ಫಳಫಳ ಹೊಳೆಯುತ್ತಿತ್ತು. ಮುದುಕಪ್ಪನಿಗೆ ಶರಬತ್ತಿನ ಗ್ಲಾಸು ಕೊಟ್ಟಾಗ ಅವನು ಹಿಡಿದುಕೊಂಡು ಕೇಳಿದ: "ಇದನ್ನ ಕುಡದ್ರ ಆತೋ, ಇದನ್ನೂ ವಾಪಸ್ ಕೊಡಬೇಕೋ?"

ಖರೇ ಇದ್ದದ್ದು ಒಂದೇ

ನಮ್ಮ ಸ್ಟಾಫ್ ರೂಮಿನಲ್ಲೂ ಕಾರ್ಡಿನ ಜ್ವರ ಹತ್ತಿತು. "ನೀವು ಹೋಗಿ ನೋಡಿ ಬರ್ರಿ, ನೀವು ಹ್ಞೂಂ ಅಂದ್ರ ನಾವು ಸೇರ್ತೀವಿ" ಎಂದು ಎಲ್ಲರೂ ಸೇರಿ ನನ್ನನ್ನು ಅಟ್ಟಿದರು. ಆಫೀಸು ಒಂದು ಕಿರಾಣಿ ಅಂಗಡಿಯ ಮೇಲಿನ ಖೋಲಿ. ಅದೇ ಹುಡುಗ ಕುರ್ಚಿ ಒರೆಸಿ ಕೂರಿಸಿದ, ಚಹಾ ತರಿಸಿದ.

"ಕಂಪನಿ ರಜಿಸ್ಟ್ರೇಷನ್ ಆಗ್ಯದೇನಪ್ಪ?" ಎಂದು ಕೇಳಿದೆ.

"ಆಗ್ಯದ ಸರ್. ಎಲ್ಲಾ ಪಕ್ಕಾ ಅದ."

ಕಪಾಟು ತೆಗೆದು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದವನ್ನು ಎರಡೂ ಕೈಯಿಂದ ಕೊಟ್ಟ. ಕನ್ನಡಕ ಏರಿಸಿ ಓದಿದೆ. ಕೆಳಗೆ ನಿಂತಿದ್ದ ಜೀಪಿನ ಆರ್.ಸಿ. ಅದು.

"ಇದು ಜೀಪಿಂದಲ್ಲೇನು?"

"ಹೌದ್ರಿ ಸರ್, ಕಂಪನಿ ಹೆಸರಿಲೇನೇ ಅದ."

"ಮತ್ತ ಕಂಪನಿದು?"

"ಕಂಪನಿದೇ ಜೀಪ್ ಅದು ಸರ್."

ಅವನು ಮೋಸ ಮಾಡುತ್ತಿರಲಿಲ್ಲ. ರಜಿಸ್ಟ್ರೇಷನ್ ಎಂದರೆ ಅದೇ ಎಂದು ಅವನು ಮನಸಾರೆ ನಂಬಿದ್ದ. ಬೇರೆ ಕಾಗದ ಕೇಳಿದ್ದಕ್ಕೆ "ಮ್ಯಾಲಿನವರ ಕಡೆ ಇರ್ತಾವ್ರಿ" ಎಂದ. ಆ ಮೇಲಿನವರನ್ನು ಅವನೂ ನೋಡಿರಲಿಲ್ಲ.

ಕಾಲೇಜಿಗೆ ಮರಳಿದಾಗ ಎಲ್ಲರೂ ಸುತ್ತುವರಿದರು. "ಏನ್ರಿ, ಖರೇ ಅದನೋ?"

"ಜೀಪು ಖರೇ ಅದ" ಎಂದೆ.

ತಲೆ ಮತ್ತು ಎಣ್ಣೆ

ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು ಇದ್ದರು. ನನ್ನ ಗೆಳೆಯರೇ. ತಲೆಯ ಮೇಲೆ ಒಂದು ಕೂದಲಿಲ್ಲ. ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆಂದು ಕೇಳದೆಯೇ ಸೇರಿಬಿಟ್ಟಿದ್ದರು. ಕೆಲವು ತಿಂಗಳಾದ ಮೇಲೆ ಅವರ ವಾಪಸಾತಿ ಬಂತು. ಬಂದದ್ದು ರೊಕ್ಕವಲ್ಲ, ಕೂಪನ್ನು. ಕೂಪನ್ನಿಗೆ ಕಂಪನಿಯ ಅಂಗಡಿಯಲ್ಲಿ ಮಾತ್ರ ಬೆಲೆ. ಆ ಅಂಗಡಿಯಲ್ಲಿ ಉಳಿದಿದ್ದದ್ದು ತಲೆಗೆ ಹಚ್ಚುವ ಎಣ್ಣೆ ಮಾತ್ರ.

ಒಂದು ರಟ್ಟಿನ ಖೋಕಾ ತುಂಬ ಎಣ್ಣೆ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಅವರು ನನ್ನ ಬಸ್ಸಿನಲ್ಲೇ ಬಂದರು. ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕುಳಿತೆ. ಅವರ ಮುಖ ನೋಡಿದ್ದರೆ ನಗು ಬಂದುಬಿಡುತ್ತಿತ್ತು.

ಅವರ ಮನೆಯವರು ಬಾಗಿಲಲ್ಲೇ ನಿಂತು ಖೋಕಾ ನೋಡಿದರು, ಗಂಡನ ತಲೆ ನೋಡಿದರು. ಆಮೇಲೆ ಸಾವಕಾಶ ಹೇಳಿದರು: "ಮೊದಲ ತಲಿ ಉಪಯೋಗ ಮಾಡಿದ್ರ ಈ ಎಣ್ಣಿ ಬರ್ತಿದ್ದಿಲ್ಲ. ಈಗ ಎಣ್ಣಿ ಬಂದದ, ತಲಿ ಉಪಯೋಗ ಇಲ್ಲ."

ಬಂಗಾರದ ಮೆಂಬರು

ಒಂದು ಮುಂಜಾನೆ ಹುಮನಾಬಾದಿನಲ್ಲಿ ಬಸ್ಸಿಳಿದರೆ ಕಿರಾಣಿ ಅಂಗಡಿಯ ಮುಂದೆ ಗದ್ದಲ. ಮೇಲಿನ ಆಫೀಸಿಗೆ ಬೀಗ, ಜೀಪು ಇಲ್ಲ. ಮೆಂಬರುಗಳೆಲ್ಲ ಮೆಟ್ಟಿಲಿನ ಮೇಲೆ ಕುಳಿತಿದ್ದ ಕಟ್ಟಡದ ಮಾಲಕರನ್ನು ತರುಬಿಕೊಂಡಿದ್ದರು.

"ಎಲ್ಲಿ ಹೋದ್ರು ಹೇಳ್ರಿ. ಬಾಡಗಿ ತಗೊಂಡೀರಿ, ನಿಮಗ ಗೊತ್ತಿರ್ತದ."

"ಯಾವ ಬಾಡಗಿರಿ?" ಎಂದರು ಮಾಲಕರು. ಕಿಸೆಯಿಂದ ಒಂದು ಕಾರ್ಡು ತೆಗೆದು ತೋರಿಸಿದರು. ಎಲ್ಲರದು ನೀಲಿ, ಅವರದು ಬಂಗಾರದ ಬಣ್ಣ. "ಬಾಡಗಿ ಕೇಳಿದಾಗೊಮ್ಮೆ ನನ್ನನ್ನ ಕಾರ್ಡಿನಾಗ ಒಂದು ಮೆಟ್ಟಲ ಮ್ಯಾಲ ಏರಸ್ತಿದ್ರು. ಈಗ ಇಡೀ ಜಿಲ್ಲಾದಾಗ ನನಗಿಂತ ದೊಡ್ಡ ಮೆಂಬರ್ ಯಾರೂ ಇಲ್ಲಂತ."

ಮಂದಿಗೆ ಸಿಟ್ಟು ಇಳಿಯಿತು. ಅವರಲ್ಲೊಬ್ಬ ಮಾಲಕರಿಗೇ ಚಹಾ ತಂದುಕೊಟ್ಟ. ಅವರು ಚಹಾ ಕುಡಿದು, ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿ, ದನಿ ಇಳಿಸಿ ಕೇಳಿದರು: "ನಿಮ್ಮೊಳಗ ಇಬ್ಬರು ನನ್ನ ಕೆಳಗ ಸೇರ್ತೀರೇನು? ಇಬ್ಬರು ಸೇರಿದ್ರ ನನ್ನ ಬಾಡಗಿ ಬರ್ತದಂದಿದ್ರು."

ಟೇಲರ್ ಬಾಯಿಯ ಸ್ಕೀಮು

ಇದು ಬೀಗ ಬೀಳುವ ಮುಂಚಿನ ಮಾತು. ಕಡೆಗೆ ಹೇಳಬೇಕೆಂದು ಬೇಕಂತಲೇ ಉಳಿಸಿಕೊಂಡೆ.

ನಮ್ಮ ಓಣಿಯ ತಿರುವಿನಲ್ಲಿ ಒಬ್ಬ ಹೆಂಗಸು ಬಟ್ಟೆ ಹೊಲಿಯುತ್ತಿದ್ದಳು, ಓಣಿಗೆಲ್ಲ ಅವಳು ಟೇಲರ್ ಬಾಯಿ. ಗಂಡ ತೀರಿಹೋದ ಮೇಲೆ ಹೊಲಿಗೆಯಿಂದಲೇ ಇಬ್ಬರು ಮಕ್ಕಳನ್ನು ಸಾಕಿದವಳು. ಸೀರೆಯ ಅಂಚು ಹೊಲಿಯುವ ಪಿಕೊ ಮಷೀನು ಕೊಳ್ಳಬೇಕೆಂದು ಬಹಳ ದಿನದಿಂದ ರೊಕ್ಕ ಕೂಡಿಡುತ್ತಿದ್ದಳು. ಒಂದು ಸಂಜೆ ಮನೆಗೆ ಬಂದು, "ಸರ್, ಆ ಕೋಟಿನ ಹುಡುಗ ನಾಳಿಗೆ ಬರ್ತೀನಂದಾನ. ಮಷೀನಿನ ರೊಕ್ಕ ಅದರಾಗ ಹಾಕಿದ್ರ ಲಗೂನ ಬೆಳೀತದಂತಾನ. ಹಾಕಲೇನ್ರಿ?" ಎಂದಳು. ಅವಳ ದನಿಯಲ್ಲಿ ಆಸೆ ಇತ್ತು, ಅಂಜಿಕೆಯೂ ಇತ್ತು.

"ಒಂದೇ ಮಾತು ಕೇಳವ್ವ" ಎಂದೆ. "ನಮ್ಮ ಕಲ್ಯಾಣದಾಗ ನಗದು ರೊಕ್ಕ ಕೈಗೆ ವಾಪಸ್ ಬಂದವರನ್ನ ಒಬ್ಬರನ್ನ ತೋರಸು ಅನ್ನು. ತೋರಿಸಿದ್ರ ಹಾಕು."

ಮನಸ್ಸು ತಡೆಯಲಿಲ್ಲ. ಮರುದಿನ ಹೊಲಿಗೆಯ ನೆಪಕ್ಕೆ ಹೆಂಡತಿಯ ಜಂಪರು ಹಿಡಿದುಕೊಂಡು ನಾನೂ ಅಲ್ಲಿಗೆ ಹೋದೆ. ಹುಡುಗ ಸ್ಟೂಲಿನ ಮೇಲೆ ಕುಳಿತಿದ್ದ. ಬಾಯಿ ಕೇಳಿಯೇಬಿಟ್ಟಳು.

"ನೀವೇ ಮೊದಲನೇರು ಆಗ್ತೀರಿ ಬಾಯಿ" ಎಂದ ಅವನು.

ಬಾಯಿ ಅವನ ತೋಳು ನೋಡಿದಳು. "ನಿಮ್ಮ ಕೋಟು ಬಗಲಾಗ ಬಿಚ್ಚ್ಯದ. ತಗದು ಕೊಡ್ರಿ" ಎಂದು ಇಸಿದುಕೊಂಡು, ಮಾತಾಡುತ್ತಲೇ ಹೊಲಿದು ಕೊಟ್ಟಳು.

"ಎಷ್ಟು ಆತ್ರಿ?"

"ಇಪ್ಪತ್ತು ರೂಪಾಯಿ."

"ಇಷ್ಟೇ ಹೊಲಿಗಿಗೆ ಇಪ್ಪತ್ತೇನ್ರಿ? ಹತ್ತು ಅಲ್ಲೇನು?"

"ಹೌದ್ರಿ, ಹತ್ತೇ. ಇನ್ನ ಮೂರು ಮಂದಿ ಕರಕೊಂಡ ಬರ್ರಿ, ನಿಮ್ಮ ಹತ್ತು ವಾಪಸ್ ಕೊಡ್ತೀನಿ."

ಹುಡುಗ ನನ್ನ ಕಡೆ ನೋಡಿದ. ನಾನು ಜಂಪರಿನ ಗುಂಡಿ ನೋಡುತ್ತ ನಿಂತೆ. ಅವನು ಇಪ್ಪತ್ತು ಕೊಟ್ಟು, ಕೋಟು ತೊಟ್ಟು, ಕಾರ್ಡಿನ ಮಾತು ಮರೆತು ಹೊರಟುಹೋದ.

ಕಥೆ ಅಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ವಾರ ನಮ್ಮ ಓಣಿಗೆ ಜೀಪು ಬಂತು. ಹುಡುಗ ಇಳಿದ, ಅವನ ಹಿಂದೆ ಇನ್ನೂ ಮೂವರು ಏಜೆಂಟರು ಇಳಿದರು. ಮೂವರ ಕೈಯಲ್ಲೂ ಕೋಟು, ಮೂರೂ ಬಗಲಲ್ಲೇ ಬಿಚ್ಚಿದ್ದವು. ಕಂಪನಿಯೇ ಹೊಲಿಸಿಕೊಟ್ಟ ಕೋಟುಗಳಂತೆ. ಬಾಯಿ ಎಲ್ಲವನ್ನೂ ಹೊಲಿದು, ಅವರ ಕಡೆ ಹೊಲಿಗೆ ರೊಕ್ಕ ಇಸಿದುಕೊಂಡು, ಹತ್ತರ ನೋಟು ಒಂದನ್ನು ಆ ಹುಡುಗನ ಅಂಗೈ ಮೇಲೆ ಇಟ್ಟಳು.

ಅವನು ನೋಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಬಾಯಿ, ನೀವು ಖರೇನೇ ಕೊಟ್ರಿ" ಎಂದ.

ಬಾಯಿ ದೀಪಾವಳಿಗೆ ತನ್ನ ರೊಕ್ಕದಲ್ಲೇ ಪಿಕೊ ಮಷೀನು ತಂದಳು. ಇನ್ನು ಆ ಕಂಪನಿಯ ಲೆಕ್ಕ ಹೇಳುವುದಾದರೆ, ಅದು ನಮ್ಮ ಕಡೆ ಇದ್ದಷ್ಟು ದಿನ ಇಡೀ ಬಸವಕಲ್ಯಾಣದಲ್ಲಿ ನಗದು ರೊಕ್ಕ ಕೈಗೆ ವಾಪಸ್ ಬಂದದ್ದು ಒಬ್ಬನಿಗೇ. ಅವನು ಅದರ ಏಜೆಂಟ.